ಎರಡು ತಾಸು ನೀರು

ಗಣಿಯ ಗಿರಣಿಯ ಹಿಂದೆ ಆಟದ ಬಯಲಿನಷ್ಟು ಅಗಲದ ಒಂದು ದುಂಡು ತೊಟ್ಟಿಯಿತ್ತು. ಅದನ್ನು ನೋಡಿಕೊಳ್ಳುತ್ತ ಇಪ್ಪತ್ತಾರು ವರ್ಷ ಸವೆಸಿದವನನ್ನು ಎಲ್ಲರೂ ಮಡ್ಡಿಯಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ತಾಮ್ರದ ಅದಿರನ್ನು ಹಿಟ್ಟಿನಂತೆ ಅರೆದು, ನೀರಲ್ಲಿ ಕದಡಿ, ತಾಮ್ರವನ್ನು ನೊರೆಯ ಜೊತೆ ಎತ್ತಿಕೊಂಡ ಮೇಲೆ ಉಳಿಯುವ ಬೂದುಬಣ್ಣದ ರಾಡಿಯೆಲ್ಲ ಅವನ ತೊಟ್ಟಿಗೆ ಬರುತ್ತಿತ್ತು. ಅದಕ್ಕೊಂದು ಮದ್ದು ಬೆರೆಸಿದರೆ ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತಿದ್ದವು. ತಳದಲ್ಲಿ ಉದ್ದದ ಕಬ್ಬಿಣದ ತೋಳು ಮೆಲ್ಲಗೆ ಸುತ್ತುತ್ತ ಮಡ್ಡಿಯನ್ನು ನಡುವಿನ ಕೊಳವೆಗೆ ದೂಡುತ್ತಿತ್ತು. ಅಲ್ಲಿಂದ ಅದು ಹೋಗಿ ನಿಲ್ಲುವ ದೊಡ್ಡ ಹೊಂಡಕ್ಕೆ ಮಡ್ಡಿಕೆರೆ ಎನ್ನುತ್ತಿದ್ದರು. ತಿಳಿಯಾದ ನೀರು ಅಂಚಿನಿಂದ ತುಳುಕಿ ಮತ್ತೆ ಗಿರಣಿಗೆ ಹೋಗುತ್ತಿತ್ತು.

"ನಾನು ಮಾಡೋದು ಏನೂ ಇಲ್ಲ. ಮಡ್ಡಿ ಕೂರೋವರೆಗೂ ಕಾಯ್ತೀನಿ ಅಷ್ಟೆ" ಎಂದು ಅವನು ಹೊಸಬರಿಗೆ ಹೇಳುತ್ತಿದ್ದ.

ಈಗ ಮಡ್ಡಿ ಕೂರುತ್ತಿರಲಿಲ್ಲ. ಗಣಿಯ ಪೂರ್ವದ ಮಗ್ಗುಲನ್ನು ಅಗೆಯಲು ಶುರುಮಾಡಿದಂದಿನಿಂದ ಅದಿರಿನ ಜೊತೆ ಜೇಡಿ ಬರುತ್ತಿತ್ತು. ಎಷ್ಟು ಮದ್ದು ಸುರಿದರೂ ನೀರು ತಿಳಿಯಾಗದೆ ಹಾಲು ಕಲಸಿದಂತೆ ನಿಂತಿರುತ್ತಿತ್ತು. ತೋಳಿನ ಮೇಲೆ ಬೀಳುವ ಭಾರ ತೋರಿಸುವ ಮುಳ್ಳು ದಿನದಿನಕ್ಕೂ ಮೇಲೇರುತ್ತಿತ್ತು. ಜೇಡಿ ಅದಿರನ್ನು ಗಟ್ಟಿ ಅದಿರಿನ ಜೊತೆ ಬೆರೆಸಿ ಕಳಿಸಿ, ಇಲ್ಲವೇ ಗಿರಣಿಯ ವೇಗ ತಗ್ಗಿಸಿ ಎಂದು ಅವನು ಮೂರು ವಾರದಿಂದ ಪಾಳಿಯ ಪುಸ್ತಕದಲ್ಲಿ ಬರೆಯುತ್ತಲೇ ಇದ್ದ. ಬರೆದದ್ದರ ಕೆಳಗೆ ಯಾರೋ ಸಹಿ ಹಾಕುತ್ತಿದ್ದರು, ಪುಟ ಮಗುಚುತ್ತಿದ್ದರು.

ಅದರ ಮೇಲೆ ಮೂರು ದಿನದಿಂದ ಹೊಸ ನೀರೂ ಇಲ್ಲ. ಗುಡ್ಡದ ಬುಡದ ಕೆಳಕೇರಿಯ ಹೆಂಗಸರು ಗಿರಣಿಗೆ ನೀರು ಕಳಿಸುವ ಪಂಪುಮನೆಯ ಬಾಗಿಲಿಗೆ ಅಡ್ಡ ಕೂತಿದ್ದರು. ಗಣಿಯ ಕೊಳವೆಬಾವಿಗಳು ನೀರೆಳೆದೂ ಎಳೆದೂ ತಮ್ಮ ಬಾವಿಗಳು ಒಣಗಿವೆ ಎಂಬುದು ಅವರ ದೂರು. ಮೊದಲ ಸಾಲಿನಲ್ಲಿ ಕೂತವಳು ಮಡ್ಡಿಯಣ್ಣನ ಒಡಹುಟ್ಟಿದ ತಂಗಿ. ಹೊಲಿಗೆ ಮಾಡಿ ಸಂಸಾರ ತೂಗಿಸುವವಳು, ಅಲ್ಲೂ ಮಡಿಲಲ್ಲಿ ಯಾರದೋ ಅಂಗಿ ಇಟ್ಟುಕೊಂಡು ಗುಂಡಿ ಹಾಕುತ್ತಿದ್ದಳು.

ನಾಲ್ಕನೇ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಮುಳ್ಳು ಕೆಂಪು ಗೆರೆ ಮುಟ್ಟಿತು. ಮಡ್ಡಿಯಣ್ಣ ತೋಳನ್ನು ಒಂದಷ್ಟು ಮೇಲೆತ್ತಿಸಿದ. ಮುಳ್ಳು ಇಳಿದಂತೆ ಮಾಡಿ ಮತ್ತೆ ಏರಿತು. ತಳದ ಕೊಳವೆಗೆ ಕೈ ಇಟ್ಟು ನೋಡಿದ; ಒಳಗೆ ಮಡ್ಡಿ ಹರಿಯುವ ನಡುಕ ಇರಲಿಲ್ಲ. ಗಿರಣಿಯ ಇಂಜಿನಿಯರಮ್ಮ ಓಡಿಬಂದಳು. ಮೂವತ್ತು ದಾಟದ ಹೆಣ್ಣುಮಗಳು. ವಾರದಿಂದ ನಿದ್ದೆಗೆಟ್ಟು ಕಣ್ಣ ಕೆಳಗೆ ಕಪ್ಪು ಇಳಿದಿತ್ತು.

"ಕೊಳವೆ ಕಟ್ಟಿದೆ ಮೇಡಂ. ಒತ್ತಡದಲ್ಲಿ ನೀರು ಬಿಟ್ಟು ತೊಳೀಬೇಕು. ಎರಡು ತಾಸು ಸಾಕು. ಅದಕ್ಕೂ ಮೊದಲು ಗಿರಣಿ ನಿಲ್ಲಿಸಿ."

"ನಿಲ್ಲಿಸೋ ಹಾಗಿಲ್ಲ ಮಡ್ಡಿಯಣ್ಣ. ಮೇಲಿನವರಿಗೆ ಎರಡು ಸಲ ಕೇಳ್ದೆ. ನೀರಿನ ವಿಷಯ ನೀವೇ ಬಗೆಹರಿಸಿಕೊಳ್ಳಿ, ಅದಿರು ನಿಲ್ಲಬಾರದು ಅಂದ್ರು."

"ತೋಳು ಸಿಕ್ಕಿಹಾಕಿಕೊಂಡ್ರೆ ತೊಟ್ಟಿ ಪೂರಾ ಕೈಯಲ್ಲಿ ತೋಡಬೇಕಾಗುತ್ತೆ. ನಾನು ಒಂದ್ಸಲ ತೋಡಿದ್ದೀನಿ. ಇನ್ನೊಂದ್ಸಲಕ್ಕೆ ಸೊಂಟ ಇಲ್ಲ."

ಅವಳು ಇಳಿಜಾರಿನ ಕಡೆ ನೋಡಿದಳು. "ಪಂಪುಮನೆ ಹತ್ರ ನಿಮ್ಮ ತಂಗಿ ಇದಾರಲ್ಲ. ನೀವೊಂದು ಮಾತು ಕೇಳಿ. ನಾನೂ ಬರ್ತೀನಿ."

ಮಡ್ಡಿಯಣ್ಣನಿಗೆ ಕಾಲು ಏಳಲಿಲ್ಲ. ತಂಗಿಯ ಮನೆಗೆ ಅವನು ಹೋಗದೆ ನಾಲ್ಕು ತಿಂಗಳಾಗಿತ್ತು. ಕೆಲಸ ಜಾಸ್ತಿ ಎಂದು ನೆವ ಹೇಳುತ್ತಿದ್ದ. ನಿಜವಾದ ಕಾರಣ ಬೇರೆ. ವಾರಕ್ಕೊಮ್ಮೆ ಗಣಿಯ ಕೊಳವೆಬಾವಿಗಳಿಗೆ ಅಳತೆಪಟ್ಟಿ ಇಳಿಸಿ, ನೀರು ಎಷ್ಟು ಆಳದಲ್ಲಿದೆ ಎಂದು ನೋಡಿ ಬರೆದುಕೊಡುವ ಕೆಲಸವೂ ಅವನದೇ ಆಗಿತ್ತು. ಎರಡು ವರ್ಷದಲ್ಲಿ ನೀರು ಮೂವತ್ತೊಂದು ಅಡಿ ಇಳಿದಿತ್ತು. ಕಚೇರಿಯವರು ಕೇರಿಯ ಸಭೆಯಲ್ಲಿ "ನೀರಿನ ಮಟ್ಟ ಇದ್ದ ಹಾಗೇ ಇದೆ" ಎಂದಾಗ ಅವನು ಹಿಂದಿನ ಬೆಂಚಿನಲ್ಲಿ ಕೂತು ತನ್ನ ಚಪ್ಪಲಿ ನೋಡಿಕೊಂಡಿದ್ದ. ಅಂದಿನಿಂದ ತಂಗಿಗೆ ಮುಖ ಕೊಟ್ಟು ಮಾತಾಡಲು ಆಗಿರಲಿಲ್ಲ.

ಇಬ್ಬರೂ ಇಳಿಜಾರಿನ ಧೂಳಿನ ದಾರಿಯಲ್ಲಿ ನಡೆದರು. ಹೆಂಗಸರು ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದವರು ಅವರತ್ತ ತಿರುಗಿದರು. ತಂಗಿ ಸೂಜಿಗೆ ದಾರ ಪೋಣಿಸುತ್ತ ತಲೆ ಎತ್ತದೆ ಕೇಳಿದಳು, "ಏನಣ್ಣ, ದಾರಿ ನೆನಪಿತ್ತಾ?"

"ನೆನಪಿತ್ತಮ್ಮ."

"ಊಟ ಆಯ್ತಾ?"

"ಇಲ್ಲ."

"ನಮಗೂ ಇಲ್ಲ. ನೀರಿಲ್ದೆ ಏನು ಬೇಯಿಸೋದು. ಹೇಳು, ಯಾರು ಕಳಿಸಿದ್ದು?"

ಅವನು ತೊಟ್ಟಿಯ ಕತೆಯನ್ನೆಲ್ಲ ಬಿಡಿಸಿ ಹೇಳಿದ. ತೋಳು ನಿಂತರೆ ಮೂವತ್ತು ಜನ ತೊಡೆಮಟ್ಟ ಕೆಸರಿಗೆ ಇಳಿಯಬೇಕು, ಅವರಲ್ಲಿ ಅರ್ಧ ಜನ ಇದೇ ಕೇರಿಯವರು ಎಂದ. ಎರಡು ತಾಸು ನೀರು ಬಿಡಿ ಎಂದು ಬೇಡಿದ.

"ಇವತ್ತು ಎರಡು ತಾಸು. ನಾಳೆ?" ಎಂದಳು ತಂಗಿ. "ನಮ್ಮ ಬಾವಿಗೂ ನಿಮ್ಮ ಪಂಪಿಗೂ ಸಂಬಂಧ ಇಲ್ಲ ಅಂತ ಸಭೇಲಿ ಹೇಳಿದ್ರಲ್ಲ. ನೀನೂ ಅಲ್ಲೇ ಇದ್ದೆ. ಅಳತೆ ಮಾಡೋನು ನೀನು. ಈಗ ನನ್ನ ಮುಖ ನೋಡಿ ಹೇಳು. ನೀರು ಇದ್ದ ಹಾಗೇ ಇದೆಯಾ?"

ಮಡ್ಡಿಯಣ್ಣ ಇಂಜಿನಿಯರಮ್ಮನ ಕಡೆ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ, ಸನ್ನೆಯನ್ನೂ ಮಾಡಲಿಲ್ಲ. ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಇನ್ನು ಹೊರಲಾರದಷ್ಟು ಭಾರವಾಗಿತ್ತು.

"ಮೂವತ್ತೊಂದು ಅಡಿ ಇಳಿದಿದೆ" ಎಂದ. ಹಿಂದಿನವರಿಗೆ ಕೇಳಲಿಲ್ಲ. ಇನ್ನೊಂದು ಸಲ ಜೋರಾಗಿ ಹೇಳಿದ. "ಎರಡು ವರ್ಷದಿಂದ ನನಗೆ ಗೊತ್ತಿತ್ತು. ಬರೆದುಕೊಟ್ಟೆ. ನಿಮಗೆ ಹೇಳಲಿಲ್ಲ. ಮಡ್ಡಿಕೆರೆ ನೀರನ್ನ ವಾಪಸ್ ಎತ್ತಿಕೊಂಡು, ಗಿರಣಿ ಸ್ವಲ್ಪ ನಿಧಾನ ಓಡಿಸಿದ್ರೆ, ಇಷ್ಟು ನೀರು ಎಳೆಯೋ ಅಗತ್ಯವೇ ಇಲ್ಲ. ಅದೂ ನನಗೆ ಗೊತ್ತಿತ್ತು."

ಯಾರೂ ಕೂಗಾಡಲಿಲ್ಲ. ಒಬ್ಬ ಮುದುಕಿ ಮಾತ್ರ, "ನಿನ್ನ ಬಾಯಿಗೆ ಏನಾಗಿತ್ತಪ್ಪ ಇಷ್ಟು ದಿನ?" ಎಂದು ಮೆಲ್ಲಗೆ ಕೇಳಿದಳು.

ಹೆಂಗಸರು ದೂರ ಹೋಗಿ ಗುಂಪಾಗಿ ಮಾತಾಡಿಕೊಂಡರು. ಹೊತ್ತು ಏರುತ್ತಿತ್ತು. ಮಡ್ಡಿಯಣ್ಣ ಬಿಸಿಲಲ್ಲಿ ನಿಂತು ಮುಳ್ಳು ಈಗ ಎಲ್ಲಿರಬಹುದು ಎಂದು ಲೆಕ್ಕ ಹಾಕುತ್ತಿದ್ದ. ಕಡೆಗೆ ತಂಗಿ ಬಂದು ಅವನನ್ನು ಬಿಟ್ಟು ನೇರ ಇಂಜಿನಿಯರಮ್ಮನ ಎದುರು ನಿಂತಳು.

"ಮೊದಲು ಗಿರಣಿ ನಿಲ್ಲಿಸಿ. ಆಮೇಲೆ ಎರಡು ತಾಸು. ನಮ್ಮ ಗಂಡಸರೂ ಆ ಕೆಸರಿಗೇ ಇಳೀಬೇಕಲ್ಲ, ಅದಕ್ಕೆ ಬಿಡ್ತಿದ್ದೀವಿ."

"ಅದು ನನ್ನ ಕೈಲಿಲ್ಲ ಅಕ್ಕ."

"ಫೋನು ನಿಮ್ಮ ಕೈಲೇ ಇದೆಯಲ್ಲ."

ಇಂಜಿನಿಯರಮ್ಮ ಕೈಯಲ್ಲಿದ್ದ ಫೋನನ್ನು ನೋಡಿದಳು. ಆಮೇಲೆ ಗಿರಣಿಯ ಮೇಸ್ತ್ರಿಗೆ ಹಚ್ಚಿ, "ಅದಿರು ನಿಲ್ಲಿಸಿ. ನನ್ನ ಹೆಸರಲ್ಲೇ ಬರೆದುಕೊಳ್ಳಿ" ಎಂದಳು. ಕೆಲವು ನಿಮಿಷಕ್ಕೆ ಗುಡ್ಡದ ಮೇಲಿನ ಸದ್ದು ನಿಂತಿತು. ಹಗಲು ರಾತ್ರಿ ಕಿವಿಯಲ್ಲೇ ಮನೆ ಮಾಡಿದ್ದ ಸದ್ದು ಇಲ್ಲವಾದಾಗ ಕೇರಿಯವರು ಏನೋ ಕಳೆದುಹೋದಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪಂಪು ಶುರುವಾಯಿತು. ಮಡ್ಡಿಯಣ್ಣ ಏದುಸಿರು ಬಿಡುತ್ತ ತೊಟ್ಟಿಗೆ ಬಂದಾಗ ತೋಳು ನಿಂತಿತ್ತು. ನಿಂತು ಇಪ್ಪತ್ತು ನಿಮಿಷ ಆಯಿತು ಎಂದ ಪಾಳಿಯವನು. ನೀರು ಬಿಟ್ಟು ಕೊಳವೆ ತೊಳೆದರು. ಅದು ಕೆಮ್ಮಿ ಕೆಮ್ಮಿ ತೆರೆದುಕೊಂಡಿತು. ತೋಳು ಮಾತ್ರ ಅಲುಗಲಿಲ್ಲ.

ಮರುದಿನದಿಂದ ತೋಡುವ ಕೆಲಸ. ಮೇಲಿನ ನೀರು ಹೊರಹಾಕಿ, ಏಣಿ ಇಳಿಸಿ, ಸಲಿಕೆ ಬಕೆಟ್ಟು ಹಿಡಿದು ಮೂವತ್ತು ಜನ ಇಳಿದರು. ಅಂಚಿನಲ್ಲಿ ಮಡ್ಡಿ ಅಂಬಲಿಯಂತಿತ್ತು, ನಡುವಿಗೆ ಹೋದಂತೆ ಗಾರೆಯಂತೆ ಬಿಗಿದಿತ್ತು. "ನಿನ್ನ ತಂಗಿ ಪಂಪುಮನೆಗೆ ಅಡ್ಡ ಕೂರದೇ ಇದ್ದಿದ್ರೆ ನಮ್ಮ ಬೆನ್ನು ಉಳೀತಿತ್ತು" ಎಂದು ಒಬ್ಬ ಗೊಣಗಿದ. "ನಿನ್ನ ಬಾಯಿ ಎರಡು ವರ್ಷ ಮೊದಲೇ ತೆರೆದಿದ್ರೂ ಉಳೀತಿತ್ತು" ಎಂದ ಇನ್ನೊಬ್ಬ, ಕೆಳಕೇರಿಯವನು. ಮಡ್ಡಿಯಣ್ಣ ಬಗ್ಗಿ ಬಕೆಟ್ಟು ತುಂಬುತ್ತಿದ್ದ. ಸಲಿಕೆ ಎತ್ತುವುದಕ್ಕೇ ಉಸಿರು ಸಾಲುತ್ತಿರಲಿಲ್ಲ. ಇಂಜಿನಿಯರಮ್ಮ ದಿನಾ ಬೆಳಿಗ್ಗೆ ಗಂಬೂಟು ಹಾಕಿ ಅವರ ಜೊತೆ ಇಳಿಯುತ್ತಿದ್ದಳು. ಮೊದಲ ದಿನ ಅವಳ ಒಂದು ಬೂಟು ಕೆಸರಲ್ಲೇ ಉಳಿದು ಬರಿಗಾಲು ಮೇಲೆ ಬಂದಾಗ ಎಲ್ಲರೂ ನಕ್ಕರು, ಅವಳೂ ನಕ್ಕಳು. ಆ ಹತ್ತೊಂಬತ್ತು ದಿನದಲ್ಲಿ ನಕ್ಕದ್ದು ಅದೊಂದೇ ಸಲ.

ಹದಿನಾರನೇ ದಿನ ಅವಳಿಗೆ ವರ್ಗದ ಆದೇಶ ಬಂತು, ದೂರದ ಇನ್ನೊಂದು ಗಣಿಗೆ. ಏಣಿಯ ಬುಡದಲ್ಲಿ ನಿಂತು, "ಜೇಡಿ ಬೆರೆಸಿ ಅರೆಯೋ ಲೆಕ್ಕ ಬರೆದಿಟ್ಟಿದ್ದೀನಿ. ನಿಮ್ಮ ಪುಸ್ತಕದಿಂದಲೇ ತೆಗೆದದ್ದು" ಎಂದು ಅವನ ಕೆಸರು ಕೈ ಹಿಡಿದು ಹೋದಳು.

ಹತ್ತೊಂಬತ್ತನೇ ದಿನ ತೋಳು ಸುತ್ತಿತು. ಕೇರಿಯವರು ಮತ್ತೆ ಅಡ್ಡ ಕೂರುತ್ತಾರೆಂಬ ಅಂಜಿಕೆಗೋ, ಇನ್ನೊಮ್ಮೆ ಗಿರಣಿ ನಿಂತೀತೆಂಬ ಲೆಕ್ಕಕ್ಕೋ, ಕಚೇರಿ ಗಿರಣಿಯನ್ನು ಮುಕ್ಕಾಲು ವೇಗದಲ್ಲಿ ಓಡಿಸಲು ಒಪ್ಪಿತು. ಮಡ್ಡಿಕೆರೆಗೆ ಒಂದು ಪಂಪು ಇಳಿಸಿತು. ಗಿರಣಿ ನಿಂತಿದ್ದಾಗ ಕೇರಿಯ ಬಾವಿಗಳಲ್ಲಿ ನೀರು ಒಂದಡಿ ಏರಿತ್ತು, ಅಲ್ಲೇ ನಿಂತಿತು. ಅಳತೆಯ ಕೆಲಸದಿಂದ ಮಡ್ಡಿಯಣ್ಣನನ್ನು ತೆಗೆದರು. ಕೇರಿಯ ಹೆಂಗಸರು ತಾವೇ ಹಗ್ಗಕ್ಕೆ ಗಂಟು ಹಾಕಿಕೊಂಡು ಅಳೆಯತೊಡಗಿದರು.

ಒಂದು ಸಂಜೆ ಪಾಳಿ ಮುಗಿಸಿ ಅವನು ತಂಗಿಯ ಮನೆಗೆ ಹೋದ. ಅವಳು ಹೊಲಿಗೆಯಂತ್ರದ ಮುಂದೆಯೇ ಇದ್ದಳು. ಬಟ್ಟೆಯ ಗಂಟನ್ನು ಮಂಚದಿಂದ ಸರಿಸಿ ಜಾಗ ಮಾಡಿದಳು.

"ಬಾವಿ ಮೊದಲಿನ ಹಾಗೆ ಆಗುತ್ತಾ ಅಣ್ಣ?"

"ಗೊತ್ತಿಲ್ಲಮ್ಮ. ನಿಜವಾಗ್ಲೂ ಗೊತ್ತಿಲ್ಲ."

"ಸರಿ. ಗೊತ್ತಾದ ದಿನ ಹೇಳು."

"ಹೇಳ್ತೀನಿ."

ಅವಳು ಟೀ ಕಾಯಿಸಿ ತರುವಷ್ಟರಲ್ಲಿ ಅವನು ಗೋಡೆಗೆ ಒರಗಿ, ಶೂ ಕೂಡ ಬಿಚ್ಚದೆ, ನಿದ್ದೆಹೋಗಿದ್ದ. ಅವಳು ಲೋಟವನ್ನು ಕಿಟಕಿಯ ಮೇಲಿಟ್ಟು, ಯಂತ್ರ ಹೊಡೆದರೆ ಎಚ್ಚರವಾದಾನೆಂದು, ಅಂಗಿಯ ಉಳಿದ ತೋಳನ್ನು ಕೈಯಲ್ಲೇ ಹೊಲಿಯಲು ಕೂತಳು.