ಹೆಬ್ಬೆಟ್ಟಿನ ಗಾಜು

ನಾನು ಒಂದು ಹೆಬ್ಬೆಟ್ಟು ಯಂತ್ರ. ಓದಿದವರು ಬಯೋಮೆಟ್ರಿಕ್ ಎನ್ನುತ್ತಾರೆ. ಹುಟ್ಟಿದ್ದು ಎಲ್ಲೋ ದೂರದ ಕಾರ್ಖಾನೆಯಲ್ಲಿ. ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ನೆತ್ತಿಗೆ ಪುಟ್ಟ ಗಾಜು ಕೂರಿಸಿ, ತನ್ನ ಉಸಿರು ತಾಗದಂತೆ ಮುಖ ತಿರುಗಿಸಿಕೊಂಡು ಒರೆಸಿದಳು. ಅಷ್ಟು ಶುದ್ಧವಾಗಿ ನಾನು ಮತ್ತೆಂದೂ ಇರಲಿಲ್ಲ. ನನಗೆ ಬಾಯಿ ಕೊಡಲಿಲ್ಲ, ಎರಡು ದೀಪ ಕೊಟ್ಟರು. ಬೆರಳಿನ ಗುರುತು ಸಿಕ್ಕರೆ ಹಸಿರು, ಸಿಗದಿದ್ದರೆ ಕೆಂಪು. ಆ ದೀಪಗಳೂ ನಾನು ಹೇಳಿದಂತೆ ಕೇಳುವುದಿಲ್ಲ.

ಮೊದಲು ಒಂದು ಕಚೇರಿಯಲ್ಲಿ ಹಾಜರಿ ಹಿಡಿಯುತ್ತಿದ್ದೆ. ಬೆಳಿಗ್ಗೆ ಬೆರಳಿಟ್ಟು ಕಾಫಿಗೆ ಹೋದವರು ಸಂಜೆ ಬೆರಳಿಡಲು ಬರುತ್ತಿದ್ದರು. ಆಮೇಲೆ ಮಳವಳ್ಳಿ ಕಡೆಯ ಒಂದು ಹಳ್ಳಿಯ ರೇಷನ್ ಅಂಗಡಿಗೆ ಬಂದೆ. ಅಂಗಡಿಯ ಪುಟ್ಟಮಾದಯ್ಯ ಕೆಟ್ಟವನಲ್ಲ, ತೂಕದಲ್ಲಿ ಒಂದು ಹಿಡಿಯೂ ಮೋಸ ಮಾಡಿದವನಲ್ಲ. ಹೆಗಲ ಮೇಲಿನ ಟವೆಲಿನಲ್ಲಿ ಮೂಗು ಒರೆಸಿಕೊಂಡು, ಅದರಲ್ಲೇ ನನ್ನನ್ನೂ ಪ್ರೀತಿಯಿಂದ ಒರೆಸುತ್ತಿದ್ದ. ಆ ಪ್ರೀತಿ ನನಗೆ ಬೇಡವಾಗಿತ್ತು.

ಮಣ್ಣು ಹೊತ್ತವರ, ಪಾತ್ರೆ ತಿಕ್ಕಿದವರ ಬೆರಳಿನ ಗೆರೆ ಸವೆದಿರುತ್ತದೆ. ಒಣಗಿದ ಬೆರಳು ನನ್ನ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಪುಟ್ಟಮಾದಯ್ಯ ಒಂದು ಮದ್ದು ಕಂಡುಕೊಂಡಿದ್ದ.

“ಬಾಯ್ತಾವ ಇಟ್ಕಂಡು ಊದಿ ಒತ್ರಪ್ಪ.”

ಜನ ಊದುತ್ತಿದ್ದರು. ಊದಿಯೂ ಆಗದಿದ್ದರೆ ಬೆರಳು ನೆಕ್ಕುತ್ತಿದ್ದರು. ದಿನಕ್ಕೆ ಇನ್ನೂರು ಜನರ ಎಂಜಲು ನನ್ನ ನೆತ್ತಿಯ ಮೇಲೆ.

ಒಂದು ಚಳಿಗಾಲ ಫ್ಲೂ ಜ್ವರ ಹಬ್ಬಿತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಅಂಗಡಿಗೂ ಬಂತು. ಆಶಾ ಕಾರ್ಯಕರ್ತೆ ಶಶಿಕಲಾ ಬಂದು, “ಕೆಮ್ಮುವಾಗ ಮೊಣಕೈ ಅಡ್ಡ ಇಟ್ಕಳಿ. ಕೈ ತೊಳೀದೆ ಮೂಗು, ಬಾಯಿ ಮುಟ್ಕಬೇಡಿ,” ಎಂದು ಹೇಳಿ ಬಕೆಟ್ಟು, ಸೋಪು ಕೊಟ್ಟು ಹೋದಳು. ಪುಟ್ಟಮಾದಯ್ಯ ಅವನ್ನು ಒಳಬರುವ ಬಾಗಿಲಲ್ಲಿಟ್ಟ. ಜನ ದೇವಸ್ಥಾನಕ್ಕೆ ಬಂದವರಂತೆ ಕೈ ತೊಳೆದು ಒಳಗೆ ಬಂದರು, ನನ್ನನ್ನು ಮುಟ್ಟಿದರು, ಅಕ್ಕಿ ಹೊತ್ತು ಆಚೆ ಬಾಗಿಲಿಂದ ಹಾಗೆಯೇ ಹೋದರು. ದರ್ಶನವಾದ ಮೇಲೆ ಯಾರು ಕೈ ತೊಳೆಯುತ್ತಾರೆ? ಸೋಪಿಗೆ ಇನ್ನಷ್ಟು ಒಣಗಿದ ಬೆರಳುಗಳಿಗೆ ಕೆಂಪು ದೀಪವೇ ಹತ್ತತೊಡಗಿತು. ತೊಳೆಯಬೇಕಾದದ್ದು ನನ್ನನ್ನು ಮುಟ್ಟಿದ ಮೇಲೆ ಎಂದು ಈಗಲಾದರೂ ಅರ್ಥವಾದೀತೆಂದು ಆಸೆಪಟ್ಟೆ.

“ಸರ್ವರ್ ಇಲ್ಲ ಕಣ್ರಪ್ಪ, ಚೆನ್ನಾಗಿ ಊದಿ,” ಎಂದ ಪುಟ್ಟಮಾದಯ್ಯ.

ತಿಂಗಳ ಕೊನೆಯ ದಿನ ಚಿಕ್ಕತಾಯಮ್ಮ ಬಂದಳು. ಇಟ್ಟಿಗೆ ಗೂಡಿನಲ್ಲಿ ದುಡಿದು ಗೆರೆಯೇ ಉಳಿಯದ ಬೆರಳು ಅವಳದು. ಮನೆಯಲ್ಲಿ ಬಾಣಂತಿ ಮಗಳು, ಹದಿನೆಂಟು ದಿನದ ಹೆಣ್ಣುಕೂಸು. ಕಾರ್ಡಿನಲ್ಲಿ ಇದ್ದದ್ದು ಇವಳೊಬ್ಬಳ ಹೆಸರು. ಅವಳ ಮುಂದಿದ್ದವನಿಗೆ ಜ್ವರ. ಅಂಗೈಗೆ ಸೀನಿ, ಅದೇ ಕೈಯಿಂದ ನನ್ನನ್ನು ಒತ್ತಿ ಹೋದ.

ಚಿಕ್ಕತಾಯಮ್ಮ ಎರಡು ಸಲ ಸೋಪು ಹಾಕಿ ತೊಳೆದಿದ್ದಳು. ಸೆರಗಿನಲ್ಲಿ ಒರೆಸಿಕೊಂಡು ಒತ್ತಿದಳು. ಕೆಂಪು. ಮತ್ತೆ ಒತ್ತಿದಳು. ಕೆಂಪು.

“ಊದವ್ವ.”

“ಮನೇಲಿ ಹಸಗೂಸೈತೆ ಕಣಪ್ಪ. ಬಾಯಿಗೆ ಕೈ ತಗಲುಸ್ಬ್ಯಾಡ ಅಂದವ್ಳೆ ಶಶಿಕಲವ್ವ.”

“ಇವತ್ತು ತಪ್ಪುದ್ರೆ ಈ ತಿಂಗಳ ಅಕ್ಕಿ ಇಲ್ಲ ನೋಡು.”

ಸಾಲು ಗದ್ದಲವೆಬ್ಬಿಸಿತು. ಬಾಣಂತಿಗೆ ಬಿಸಿ ಅನ್ನ ಬೇಡವೇ? ಅವಳು ಕಣ್ಣು ಮುಚ್ಚಿ, ಆಗಲೇ ನನ್ನನ್ನು ಎರಡು ಸಲ ಮುಟ್ಟಿದ್ದ ಬೆರಳನ್ನು ನಾಲಿಗೆಗೆ ತಾಗಿಸಿ ಒತ್ತಿದಳು. ಹಸಿರು ಹತ್ತಿತು. ಬೇಡ, ಬೇಡ ಎಂದು ನನ್ನೊಳಗೆಲ್ಲ ಬಡಿದುಕೊಂಡೆ. ಸಾಲಿನವರು “ಬಂತು, ಬಂತು” ಎಂದು ನಕ್ಕರು.

ಹತ್ತು ದಿನದ ಮೇಲೆ ಶಶಿಕಲಾ ಬಂದು ಹೇಳಿದಳು. ಚಿಕ್ಕತಾಯಮ್ಮನಿಗೆ ಫ್ಲೂ ಬಂದು ವಾಸಿಯಾಗುತ್ತಿತ್ತು. ಅವಳಿಂದ ಕೂಸಿಗೂ ತಗುಲಿ ಮಂಡ್ಯದ ಆಸ್ಪತ್ರೆಗೆ ಸೇರಿಸಿದ್ದರು. ಕೂಸು ಉಳಿಯಲಿಲ್ಲ.

“ಮುಟ್ಟಿದ್ಮೇಲೆ ತೊಳೀಬೇಕಿತ್ತು ಅಣ್ಣಾ,” ಎಂದು ಅತ್ತಳು. ಪುಟ್ಟಮಾದಯ್ಯ ಬಕೆಟ್ಟನ್ನು ಆಚೆ ಬಾಗಿಲಿಗೆ ಹೊತ್ತೊಯ್ದಿಟ್ಟ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಈಗ ಕಣ್ಣು ನೋಡಿ ಗುರುತು ಹಿಡಿಯುವ ಹೊಸ ಯಂತ್ರ ಬಂದಿದೆ. ನನ್ನ ಗಾಜು ಗೀರು ಬಿದ್ದು ಮಂಕಾಗಿದೆ. ಅಟ್ಟದ ಮೇಲೆ ಖಾಲಿ ಗೋಣಿಚೀಲಗಳ ನಡುವೆ ಬಿದ್ದಿದ್ದೇನೆ. ಜನ ಹೋಗುವಾಗ ಕೈ ತೊಳೆಯುವ ಸದ್ದು ಕೇಳಿಸುತ್ತದೆ. ಒಳ್ಳೆಯದೇ ಆಯಿತು. ಆದರೂ ಆ ಸದ್ದು ಕೇಳಿದಾಗಲೆಲ್ಲ, ಕೂಸು ಹೋದ ಮುಂದಿನ ತಿಂಗಳು ಚಿಕ್ಕತಾಯಮ್ಮ ಬಂದದ್ದು ನೆನಪಾಗಿ ಸಂಕಟವಾಗುತ್ತದೆ.

ಅವತ್ತು ಪುಟ್ಟಮಾದಯ್ಯನಿಗೆ ಅವಳ ಮುಖ ನೋಡಲಾಗಲಿಲ್ಲ. ಅವಳು ಯಾರೂ ಹೇಳದೆಯೇ ಹೆಬ್ಬೆಟ್ಟನ್ನು ಬಾಯಿಯ ಹತ್ತಿರ ಒಯ್ದಳು.

“ಊದ್ಬ್ಯಾಡ ಕಣವ್ವಾ,” ಎಂದ ಅವನು.

“ಊದ್ತೀನಿ ಬುಡಪ್ಪ. ಈಗ ಮನೇಲಿ ಕೂಸಿಲ್ವಲ್ಲ.”

ಊದಿ ಒತ್ತಿದಳು. ಒಂದೇ ಸಲಕ್ಕೆ ಹಸಿರು ಹತ್ತಿತು.