ಬಗ್ಗಿ ದಾಟುವ ಬಾಗಿಲು

ನಾನಿರುವ ಕದ ಮಾಡಲು ಏಳು ಮನೆಗಳ ತೊಲೆಗಳನ್ನು ಕಿತ್ತರು. ಯಾರನ್ನೂ ಕೇಳಲಿಲ್ಲ. ಆ ಮಳೆಗಾಲ ಆ ಏಳು ಮನೆಗಳವರು ಗುಡಿಯ ಕಟ್ಟೆಯ ಮೇಲೆ ಮಲಗಿದರು.

ನಾನು ಒಂದು ದಿಡ್ಡಿ. ಕೋಟೆಯ ಹೆಬ್ಬಾಗಿಲಿನ ಬಲಗಡೆಯ ಕದದಲ್ಲಿ ಕೊರೆದ, ಒಬ್ಬರೇ ಬಗ್ಗಿ ದಾಟುವಷ್ಟು ಸಣ್ಣ ಬಾಗಿಲು. ಹೆಬ್ಬಾಗಿಲಿಗೆ ಆನೆ ಗುದ್ದದಂತೆ ಕಬ್ಬಿಣದ ಮುಳ್ಳುಗಳಿದ್ದವು. ನನಗಿದ್ದದ್ದು ಒಂದು ಅಗಳಿ.

ದೊರೆ, ದಂಡು, ಪಲ್ಲಕ್ಕಿಗೆ ಹೆಬ್ಬಾಗಿಲು. ಹೊತ್ತು ಮುಳುಗಿದ ಮೇಲೆ ಬರುವ ಸೂಲಗಿತ್ತಿಗೆ, ಕಟ್ಟಿಗೆ ಹೊರೆಯವರಿಗೆ, ಹೊಲದಲ್ಲಿ ತಡವಾದವರಿಗೆ ನಾನು. ಅವರ ಮುಖ ನನಗೆ ಅಷ್ಟಾಗಿ ಗೊತ್ತಿಲ್ಲ, ನೆತ್ತಿ ಗೊತ್ತು. ಬಿಸಿಲಿಗೆ ಕೆಂಚಾದ ಬೈತಲೆ, ಸಿಂಬಿ ಒತ್ತಿ ಕೂದಲು ಸವೆದ ಜಾಗ.

ದೊರೆಗಳು ಹೋಗಿ ಬಿಳಿಯ ಸಾಹೇಬ ಬಂದ. ಬಗ್ಗುವುದು ಅವನಿಗೆ ಒಪ್ಪಿಗೆಯಾಗಲಿಲ್ಲ, ನೆಟ್ಟಗೇ ನುಗ್ಗಿದ. ಟೋಪಿ ಹೊರಗೆ ಉಳಿಯಿತು, ಸಾಹೇಬ ಒಳಗೆ ಹಣೆ ಹಿಡಿದು ಕೂತ. ನೀರು ಹೊರುತ್ತಿದ್ದ ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. ನಾನು ಮಾಡಿದ ಯುದ್ಧ ಅದೊಂದೇ.

ಆಮೇಲೆ ಕೀಲಿಗೆ ತುಕ್ಕು ಹಿಡಿದು ಹೆಬ್ಬಾಗಿಲು ತೆರೆಯುವುದನ್ನೇ ಬಿಟ್ಟಿತು. ಕಂದಕ ಮುಚ್ಚಿ ಬಸ್ ನಿಲ್ದಾಣ ಮಾಡಿದರು. ಈಗ ಅದನ್ನೂ ಕೆಡವಿ ಕೆಳಗೆ ಬಸ್ಸು, ಮೇಲೆ ರೈಲು, ನಡುವೆ ತಾನೇ ಏರುವ ಮೆಟ್ಟಿಲು ಇಟ್ಟಿದ್ದಾರೆ. ಕೋಟೆಯೊಳಗಿನ ಓಣಿಯವರು ಅಲ್ಲಿಗೆ ಹೋಗುವುದು ನನ್ನನ್ನು ದಾಟಿಯೇ.

ಅವರಲ್ಲಿ ಇಮಾಂಬಿ ಒಬ್ಬಳು. ಬಸ್ಸಿನವರಿಗೆ ಒಣಗಿಸಿದ ಕಟಕ ರೊಟ್ಟಿ ಮಾರುವ ಮುದುಕಿ. ದಾಟುವಾಗ ಒಂದು ಕೈ ಬುಟ್ಟಿಗೆ, ಒಂದು ಕೈ ನನ್ನ ಚೌಕಟ್ಟಿಗೆ. ಮೊಣಕಾಲು ಎರಡೂ ಹೋಗಿವೆ. ನಾನು ಮುಚ್ಚಿದರೆ ಹಿಂದಿನ ಬಾಗಿಲಿನಿಂದ ಕೋಟೆ ಸುತ್ತಿ ಒಂದೂವರೆ ಮೈಲು. ಆ ಕಾಲಿಗೆ ಅದು ಆಗದು. ರೊಟ್ಟಿ ಮಾರುವುದು ಅಲ್ಲಿಗೆ ಮುಗಿದಂತೆಯೇ.

ಸೋಮವಾರ ನಿಲ್ದಾಣದ ಎಂಜಿನಿಯರ್ ಬಂದರು. ರೈಲಿನಿಂದ ಇಳಿದವರ ಕಣ್ಣಿಗೆ ಹೆಬ್ಬಾಗಿಲು ಚಂದ ಕಾಣಬೇಕಂತೆ, ನಡುವೆ ಜನ ನುಸುಳಬಾರದಂತೆ. ನನಗೆ ಅಡ್ಡಪಟ್ಟಿ ಹೊಡೆಯಲು ಬಡಿಗೇರ ಮೌನೇಶನನ್ನು ಕರೆಸಿದರು.

ಮೌನೇಶ ತುಟಿಯಲ್ಲಿ ಹಿಡಿದಿದ್ದ ಮೊಳೆ ತೆಗೆದು ಕೇಳಿದ: "ಒಳಗಿನವ್ರು ಯಾರಾರ ಹೊರಗ ಹೋಗ್ಯಾರೇನ್ರಿ?"

"ಯಾಕ?"

"ಮನಿ ಮಂದಿ ಹೊರಗಿದ್ದಾಗ ಬಾಗಲಕ್ಕ ಮೊಳಿ ಹೊಡಿಯೂದಿಲ್ರಿ. ನಮ್ಮ ಕಸಬಿನ ರೀತಿ."

"ಬರ್ಲಿ ಬಿಡು. ಎಲ್ಲಾರೂ ಬಂದಮ್ಯಾಲ ಹೊಡಿ."

ಇಮಾಂಬಿ ಹೊರಗಿದ್ದಳು. ಅವಳು ಬರುವ ಮೊದಲೇ ನರ್ಸ್ ಸುಮಿತ್ರಾ ಆಸ್ಪತ್ರೆಗೆ ಹೊರಟಳು. ಸುಮಿತ್ರಾ ಬರುವ ಮೊದಲು ಇನ್ನೊಬ್ಬರು. ಮಂಗಳವಾರದ ಹೊತ್ತಿಗೆ ಓಣಿಗೆ ಗುಟ್ಟು ತಿಳಿಯಿತು. ಇಮಾಂಬಿ ಒಳಗೆ ಕಾಲಿಡುವ ಮೊದಲೇ ಕೂಗುತ್ತಿದ್ದಳು: "ಏ, ನಾ ಬಂದೆ! ಮುಂದಿನ ಪಾಳಿ ಯಾರದು? ಕಟ್ಟಿ ಮ್ಯಾಲ ಕುಂತ ಗಂಡಸರು ಏಳ್ರಿ, ಚಾ ಕುಡ್ಯಾಕರ ಹೋಗ್ರಿ. ಹುಟ್ಟಿದ್ದಕ್ಕ ಒಮ್ಮೆ ಉಪಯೋಗಕ್ಕ ಬರ್ರಿ!"

ಹೀಗೆ ಬುಧವಾರವೂ ಕಳೆಯಿತು.

ಗುರುವಾರ ಎಂಜಿನಿಯರ್ ಕಣ್ಣು ಕೆಂಪು ಮಾಡಿಕೊಂಡು ಬಂದರು. ಅವರ ದನಿ ಕೇಳಿ ಓಣಿಯೆಲ್ಲ ನನ್ನ ಹಿಂದೆ ಕೂಡಿತು. ಜಗಳ ನೋಡುವ ಆಸೆಯಲ್ಲಿ ಹೊರಗೆ ಹೋಗುವುದನ್ನು ಎಲ್ಲರೂ ಮರೆತರು. ಚಹಾಕ್ಕೆ ಹೋಗಿದ್ದವರು ಸಹ ಓಡಿ ಬಂದು, ಬಗ್ಗಿ, ಒಳಗೆ ಸೇರಿಕೊಂಡರು.

ಎಂಜಿನಿಯರ್ ಬಗ್ಗಿ ನೋಡಿ ನಕ್ಕರು. "ಎಲ್ಲಾರೂ ಒಳಗೇ ಅದಾರಲ್ಲ! ಹೊಡಿ."

ಇಮಾಂಬಿಯ ಕೈ ನನ್ನ ಚೌಕಟ್ಟಿನ ಮೇಲಿತ್ತು. ಇಷ್ಟು ಶತಮಾನ ನನ್ನನ್ನು ತೆರೆದವರೂ ಮುಚ್ಚಿದವರೂ ಯಾರದೋ ಅಪ್ಪಣೆಯ ಮೇಲೆ ಹಾಗೆ ಮಾಡಿದರು. ಅಪ್ಪಣೆ ಕೊಟ್ಟ ಒಬ್ಬರ ಕೈಯೂ ನನಗೆ ತಾಗಿದ್ದಿಲ್ಲ. ತಾಗಿದ ಕೈಗಳೆಲ್ಲ ಇಂಥವು.

ಮೌನೇಶ ಮೊಳೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ.

"ಇನ್ನೇನ್ ಅಡ್ಡ ಬಂತೋ? ಈಗ ಯಾವ ರೀತಿ?"

"ಯಾವ ರೀತಿನೂ ಇಲ್ರಿ ಸಾಹೇಬ್ರ," ಎಂದ ಮೌನೇಶ. "ನಾ ಹೊಡಿಯೂದಿಲ್ಲ."