ಮೊಣಕೈ ಸವೆಸಿದ ಜಾಗ

ನೊಣ ಬಂದು ಕೂತಿತು, ಬಾನೆಟ್ಟಿನ ನಟ್ಟನಡುವೆಯೇ, ಅದರ ಕೆಳಗೆ ಇನ್ನೊಂದು ನೊಣ ಕಾಲಿಗೆ ಕಾಲು ತಾಗಿಸಿ ತಲೆಕೆಳಗಾಗಿ ನಿಂತಿದೆ, ಅಷ್ಟು ಹೊಳಪು, ಆರು ಪದರ ತಿಳಿನೀಲಿ, ಒಂದೊಂದು ಪದರವನ್ನೂ ನೀರು ಹಾಕಿ ಉಜ್ಜಿದ್ದು, ಓಡಿಸಬೇಕು, ಹಳದಿ ಬಟ್ಟೆ ಎಲ್ಲಿ, ತೊಡೆಯ ಮೇಲೆಯೇ ಇದೆ — ಹೋಗು ಅಂದರೆ ಹೋಗಿ ಮತ್ತೆ ಅಲ್ಲಿಗೇ ಬರುತ್ತದೆ, ಈ ನದೀತೀರದ ನೊಣಗಳಿಗೆ ಮಾನ ಮರ್ಯಾದೆ ಇಲ್ಲ, ನನಗಿದೆಯೇ, ಇದ್ದಿದ್ದರೆ ಬೆಳಗಿನಿಂದ ಈ ಮಡಚುವ ಕುರ್ಚಿಯಲ್ಲಿ ಮದುವೆಮನೆಯ ಯಜಮಾನನ ಹಾಗೆ ಕೂತು ಹೋಗಿಬರುವವರಿಗೆಲ್ಲ ತಲೆಯಾಡಿಸುತ್ತಿದ್ದೆನೇ. ಹಳೆಯ ಕಾರುಗಳ ಪ್ರದರ್ಶನ, ಫುಟ್‌ಬಾಲ್ ಮೈದಾನದ ಸುತ್ತ ತೊಂಬತ್ತು ಕಾರು, ಎಲ್ಲದರ ಬಾನೆಟ್ಟೂ ಬಾಯಿ ತೆರೆದಿದೆ, ನನ್ನದೊಂದನ್ನು ಮುಚ್ಚಿಟ್ಟಿದ್ದೇನೆ, ತೀರ್ಪುಗಾರರು ಬಂದಾಗ ಮಾತ್ರ ತೆಗೆದೆ, ಕೋಲಿನ ತುದಿಯ ಪುಟ್ಟ ಕನ್ನಡಿಯನ್ನು ಹೊಟ್ಟೆಯ ಕೆಳಗೆಲ್ಲ ಆಡಿಸಿ ನೋಡಿದರು, ನೂರಕ್ಕೆ ತೊಂಬತ್ತೇಳು, ಹನ್ನೊಂದೂ ಕಾಲಿಗೆ ಇನ್ನೊಂದು ಸುತ್ತು ಬರ್ತೀವಿ, ಬೆರಳಚ್ಚು ಬೀಳದಂಗೆ ನೋಡ್ಕೊಳ್ಳಪ್ಪಾ ಅಂದು ಹೋದರು. ಸಾಸೇಜು ಈರುಳ್ಳಿ ಸುಡುವ ವಾಸನೆ, ಎಣ್ಣೆಯ ಹೊಗೆ ಇತ್ತ ಬಂದು ಗಾಜಿನ ಮೇಲೆ ಕೂರದಿದ್ದರೆ ಸಾಕು. ಫಲಕವನ್ನು ಮುಂದಿನ ಚಕ್ರಕ್ಕೆ ಒರಗಿಸಿದ್ದೇನೆ, ನಾನೇ ಬರೆದದ್ದು, ಅರವತ್ನಾಲ್ಕರ ಹೋಲ್ಡನ್ ಕಾರು, ಮಾಲೀಕರು ಏವಿಸ್ ಲಿಂಡ್ನರ್, ಜೀರ್ಣೋದ್ಧಾರ ರಸ್ ಪೆಂಗೆಲಿ, ಅದರ ಕೆಳಗೆ ದಪ್ಪಕ್ಷರದಲ್ಲಿ ನೋಡಿ, ಮುಟ್ಟಬೇಡಿ. ಮಾಲೀಕರು ನನ್ನ ಅಕ್ಕ. ಹನ್ನೊಂದಕ್ಕೆ ಬರುತ್ತಾಳೆ, ಅವಳ ಮಗಳು ಶೋನಾ ಕರೆತರುತ್ತಾಳೆ, ನಿನ್ನೆ ಫೋನಿನಲ್ಲಿ ಕಾರು ಹೇಗಿದೆ ಅಂತ ನಾನು ಬಣ್ಣಿಸಹೋದರೆ ಬಾಯ್ಮುಚ್ಚೋ, ಹೇಳಬೇಡ, ಕಣ್ಣು ಹೋಗಿದೆ ಅಷ್ಟೆ, ಕೈ ಇದೆಯಲ್ಲ, ನನ್ನ ಕಾರು ನನ್ನ ಕೈಗೇ ಗೊತ್ತು ಅಂದಳು ಅಕ್ಕ. ಈಗ ಹತ್ತೂ ಮುಕ್ಕಾಲು.

ಕೈಗೇ ಗೊತ್ತು. ಆ ಮಾತು ಕೇಳಿದ ಮೇಲೆ ಬೆಳಿಗ್ಗೆ ಟೋಸ್ಟು ಇಳಿಯಲಿಲ್ಲ, ಮೂರು ವರ್ಷದ ಹಿಂದೆ ನನ್ನ ಶೆಡ್ಡಿಗೆ ಬಂದಾಗ ಅವಳಿಗೆ ಇನ್ನೂ ಕಾಣುತ್ತಿತ್ತು, ಅಂಚಿನಲ್ಲಿ ಕಾಣುತ್ತಿತ್ತು, ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಮಾತಾಡುತ್ತಿದ್ದಳು, ಕೋಳಿ ನೋಡುತ್ತದಲ್ಲ ಹಾಗೆ, ನಡುವಿನ ದೃಷ್ಟಿ ಹೋಯ್ತು ಕಣೋ, ಉಳಿದದ್ದೂ ಒಂದು ವರ್ಷ, ಹೆಚ್ಚಂದ್ರೆ ಒಂದೂವರೆ ಅಂತಾರೆ ಡಾಕ್ಟ್ರು, ಅಷ್ಟರೊಳಗೆ ಕ್ಲಿಫ್‌ನ ಕಾರನ್ನ ಒಂದ್ಸಲ ಓಡೋ ಹಾಗೆ ಮಾಡಿಕೊಡು, ಬೇರೇನೂ ಬೇಡ, ತೊಳೀಲೂ ಬೇಡ, ನೀನು ಓಡ್ಸು, ನಾನು ನನ್ನ ಸೀಟಲ್ಲಿ ಕೂತ್ಕೊಳ್ತೀನಿ, ಫೆರ್ರಿ ಮೇಲೆ ಹತ್ತಿಸಿ ಆ ದಡಕ್ಕೆ ಹೋಗೋಣ, ನೀರು ನೋಡಬೇಕು, ಪೆಲಿಕನ್ ಹಕ್ಕಿ ನೋಡಬೇಕು. ಕ್ಲಿಫ್ ನನ್ನ ಬಾವ, ಕಿತ್ತಳೆ ಬೆಳೆಯುತ್ತಿದ್ದವನು, ಮದುವೆಯ ವರ್ಷ ಕೊಂಡ ಕಾರನ್ನು ಸಾಯುವ ವಾರದವರೆಗೂ ಓಡಿಸಿದವನು, ನಲವತ್ತಾರು ವರ್ಷ, ಪ್ರತಿ ಭಾನುವಾರ ಅವಳನ್ನು ಕೂರಿಸಿಕೊಂಡು ಫೆರ್ರಿ ದಾಟಿ ಆ ದಡದ ಬೇಕರಿಯಲ್ಲಿ ಪೈ ತಿಂದು ಬರುತ್ತಿದ್ದ. ಅವನು ಹೋದ ಮೇಲೆ ಆರು ವರ್ಷ ಕಾರು ಅವರ ಕೊಟ್ಟಿಗೆಯಲ್ಲಿತ್ತು, ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಆರು ವಾರ ಸಾಕು ಅಕ್ಕ ಅಂದೆ ನಾನು. ಐದು ವಾರಕ್ಕೇ ಆಯಿತು. ಇದನ್ನು ಯಾರಿಗೂ ಹೇಳಿಲ್ಲ, ಐದನೆಯ ವಾರದ ಗುರುವಾರ ಮಧ್ಯಾಹ್ನ ಎಂಜಿನ್ ಕೆಮ್ಮಿ, ಬಿಳಿ ಹೊಗೆ ಉಗುಳಿ, ಹಿಡಿಯಿತು, ನಿಂತೇ ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಹಿಡಿದು ತಾಳಕ್ಕೆ ಬಂತು, ಫೋನು ಗೋಡೆಗೇ ಇತ್ತು, ಎರಡು ಹೆಜ್ಜೆ, ಬಾ ಅಕ್ಕ, ನಾಳೆ ಫೆರ್ರಿಗೆ ಹೋಗೋಣ ಅನ್ನಬಹುದಿತ್ತು, ನಾನು ಕೀಲಿ ತಿರುಗಿಸಿ ಆರಿಸಿದೆ. ಯಾಕೆ ಅಂದರೆ ತುಕ್ಕು ಹಿಡಿದ ನೆಲ, ಹರಿದ ಸೀಟು, ಕೋಳಿ ಹಿಕ್ಕೆ, ಇದನ್ನು ಹೀಗೇ ರಸ್ತೆಗಿಳಿಸಿದರೆ ನಮ್ಮ ಕಾರು ಕ್ಲಬ್ಬಿನವರು ಏನಂದಾರು, ರಸ್‌ನ ಕೈಯಿಂದ ಬಂದ ಕಾರಾ ಇದು ಅಂದಾರು, ಹೇಗೂ ಒಳಗೆ ಬಂದಿದೆ, ಬಾಗಿಲು ಬಿಚ್ಚಿದರೆ ಒಂದು ದಿನದ ಕೆಲಸ, ಬಿಚ್ಚಿದ ಮೇಲೆ ಬಣ್ಣ ಹೊಡೆಯದಿದ್ದರೆ ಹೇಗೆ. ಒಂದು ಬಿಡಿಭಾಗ ಸಿಗ್ತಿಲ್ಲ ಅಕ್ಕ ಅಂದೆ. ಸರಿ ಕಣೋ, ಅವಸರ ಇಲ್ಲ ಅಂದಳು. ಅವಸರವಿತ್ತು. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಎರಡನೆಯ ಚಳಿಗಾಲ ಮುಗಿಯುವಾಗ ಶೋನಾ ಫೋನ್ ಮಾಡಿ ಮಾಮ, ಅಮ್ಮಂಗೆ ಈಗ ಕಿಟಕಿ ಯಾವುದು ಗೋಡೆ ಯಾವುದು ಅಂತ್ಲೂ ಗೊತ್ತಾಗ್ತಿಲ್ಲ ಅಂದಳು, ನಾನು ಆಗ ಬಂಪರಿನ ಹೊಳಪು ನೋಡುತ್ತಿದ್ದೆ.

ಹನ್ನೊಂದಕ್ಕೆ ಐದು ನಿಮಿಷ. ಪಕ್ಕದ ಕೆಂಪು ಕಾರಿನ ಗಾರ್ಥ್, ನಮ್ಮ ಕ್ಲಬ್ಬಿನ ಕಾರ್ಯದರ್ಶಿ, ಬ್ರಷ್ಷಿನಿಂದ ಟೈರಿನ ಗೀರುಗಳಿಗೆ ಕಪ್ಪು ಬಳಿಯುತ್ತಿದ್ದಾನೆ, ಏನಯ್ಯಾ ರಸ್, ಮುಖ ಯಾಕೆ ಹುಳಿ ಕಿತ್ತಳೆ ತಿಂದಂಗಿದೆ, ಕಪ್ ನಿಂದೇ ಅಂತ ಎಲ್ಲರ ಬಾಯಲ್ಲೂ ಇದೆ. ನಗುತ್ತೇನೆ. ಆ ಬಾಗಿಲು ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿದೆ, ಚಾಲಕನ ಬಾಗಿಲು, ಗಾಜಿನ ಕೆಳಗಿನ ಅಂಚು, ನಾನು ಅದನ್ನು ನೋಡದೆ ಚಕ್ರ ನೋಡುತ್ತೇನೆ, ಹುಲ್ಲು ನೋಡುತ್ತೇನೆ. ಅಲ್ಲೇ ಇತ್ತು. ಅಂಗೈಯಷ್ಟಗಲ. ಕ್ಲಿಫ್ ತೋಳು ಮಡಚಿ ಮೊಣಕೈಯನ್ನು ಕಿಟಕಿಯ ಹೊರಗಿಟ್ಟೇ ಓಡಿಸುವವನು, ಬಿಸಿಲಿಗೆ ಅವನ ಬಲಗೈ ಎಡಗೈಗಿಂತ ಎರಡು ಪಟ್ಟು ಕಂದು, ನಲವತ್ತಾರು ವರ್ಷದ ಮೊಣಕೈ ಅದು, ನೀಲಿ ಹೋಗಿ ತಳದ ಬೂದು ಪ್ರೈಮರ್, ಪ್ರೈಮರ್ ಹೋಗಿ ಬರಿಯ ಉಕ್ಕು, ಅಂಚುಗಳಲ್ಲಿ ಮೂರೂ ಬಣ್ಣ ಉಂಗುರ ಉಂಗುರವಾಗಿ, ನಡುವೆ ಉಕ್ಕು ಬಳಸಿದ ನಾಣ್ಯದ ಹಾಗೆ ನುಣ್ಣಗೆ, ಸ್ವಲ್ಪ ತಗ್ಗು ಕೂಡ ಆಗಿತ್ತೋ ಏನೋ. ಆರು ವರ್ಷ ನದಿಯ ತೇವದಲ್ಲಿ ನಿಂತ ಕಾರು, ಬಣ್ಣವಿದ್ದ ಕಡೆಯೇ ಬೊಬ್ಬೆ ಎದ್ದು ತುಕ್ಕು ಹಿಡಿದಿತ್ತು, ಬಣ್ಣವೇ ಇಲ್ಲದ ಆ ಜಾಗದಲ್ಲಿ ಒಂದು ಚುಕ್ಕೆ ತುಕ್ಕಿಲ್ಲ. ಬೆರಳಿಟ್ಟರೆ ಜಾರಿತು. ಮೂಸಿದೆ. ಹೊಲಿಗೆ ಯಂತ್ರದ ಎಣ್ಣೆ. ಅಕ್ಕ ಕೊಟ್ಟಿಗೆಗೆ ಹೋಗಿ ಎಣ್ಣೆ ಹಚ್ಚುತ್ತಿದ್ದಳು, ಆರು ವರ್ಷ, ಆ ಅಂಗೈಯಗಲಕ್ಕೆ ಮಾತ್ರ. ಅದನ್ನು ಹಾಗೇ ಬಿಡು ಅಂತ ಅವಳು ಹೇಳಲಿಲ್ಲ, ಹೇಳಬೇಕಾಗುತ್ತದೆ ಅಂತ ಅವಳಿಗೆ ಹೊಳೆದೇ ಇರಲಿಲ್ಲ, ತಾನೇ ಎಂಟು ವರ್ಷದವಳಿದ್ದಾಗ ನನ್ನ ಮೂಗು ಒರೆಸಿದವಳು, ತಮ್ಮನಿಗೆ ಇಷ್ಟೂ ತಿಳಿಯುವುದಿಲ್ಲವೇ ಅಂದುಕೊಂಡಿರಬೇಕು. ತಿಳಿಯಿತು, ಅಲ್ಲಿಯೇ, ಬೆರಳನ್ನು ಮೂಗಿನ ಹತ್ತಿರ ಹಿಡಿದ ಕ್ಷಣದಲ್ಲೇ ತಿಳಿಯಿತು, ಅದೇ ನಾಚಿಕೆ, ತಿಳಿಯದೆ ಮಾಡಿದ್ದರೆ ಮೂರ್ಖ ಅನಿಸಿಕೊಂಡು ಆರಾಮವಾಗಿ ಇರುತ್ತಿದ್ದೆ. ಬರಿಯ ಉಕ್ಕು ಕಂಡರೆ ಐದು ಅಂಕ ಕಳೆಯುತ್ತಾರೆ. ಉಪ್ಪುಕಾಗದ ತೆಗೆದುಕೊಂಡೆ, ನೀರಿನಲ್ಲಿ ಅದ್ದಿದೆ, ಹತ್ತು ನಿಮಿಷ, ರೇಡಿಯೋದಲ್ಲಿ ಕ್ರಿಕೆಟ್ ಇತ್ತು, ಹತ್ತೇ ನಿಮಿಷ. ಆಮೇಲೆ ಬಣ್ಣ ಹೊಡೆದರೆ ಅಲ್ಲಿ ಮಾತ್ರ ಕೂರುವುದಿಲ್ಲ, ಎಣ್ಣೆ ಕುಡಿದ ಉಕ್ಕು, ಬಣ್ಣ ಮೆಲ್ಲಗೆ ಹಿಂದೆ ಸರಿದು ಮೀನಿನ ಕಣ್ಣಿನಂಥ ಕುಳಿಗಳಾಗಿ ನಿಲ್ಲುತ್ತಿತ್ತು, ಸುತ್ತಲೂ ಗಾಜಿನ ಹಾಗೆ ನಯ, ಅಲ್ಲಿ ಮಾತ್ರ ಬೇಡ ಬೇಡ ಅನ್ನುತ್ತಿತ್ತು, ಮೂರು ಸಲ ಹೊಡೆದೆ, ಮೂರು ಸಲ ಸರಿಯಿತು, ಮೂರು ಸಲ ಕೆರೆದು ತೆಗೆದೆ, ಥೂ ಯಾರಪ್ಪಾ ಇಲ್ಲಿ ಜಿಡ್ಡು ಬಳಿದೋರು ಅಂತ ಗಟ್ಟಿಯಾಗಿ ಬೈದೆ, ಶೆಡ್ಡಿನಲ್ಲಿ ಒಬ್ಬನೇ ಇದ್ದೆ, ಯಾರಿಗೆ ಕೇಳಲಿ ಅಂತ ಬೈದೆನೋ. ನಾಲ್ಕನೆಯ ಸಲ ಸ್ಪಿರಿಟ್ಟಿನಲ್ಲಿ ಏಳು ಬಾರಿ ತೊಳೆದು ಹೊಡೆದೆ. ಕೂತಿತು.

ಬಂದರು. ಸಾಲಿನ ಆ ತುದಿಯಲ್ಲಿ ಬಿಳಿ ಟೋಪಿ ಅವಳದು, ಶೋನಾಳ ತೋಳು ಹಿಡಿದಿದ್ದಾಳೆ, ಬಿಳಿಕೋಲು ಮಡಚಿ ಕಂಕುಳಲ್ಲಿದೆ, ಭುಜಕ್ಕೆ ಕಂದು ಚೀಲ, ಲಿಪ್‌ಸ್ಟಿಕ್ ಹಚ್ಚಿದ್ದಾಳೆ, ಭಾನುವಾರ ಫೆರ್ರಿಗೆ ಹೊರಡುವಾಗ ಹಚ್ಚುತ್ತಿದ್ದಳಲ್ಲ ಅದೇ ಕೆಂಪು, ಸ್ವಲ್ಪ ತುಟಿ ದಾಟಿದೆ, ಏಳಬೇಕು, ಎದ್ದೆ, ಎದುರು ಹೋಗಬೇಕು, ಹೋಗಲಿಲ್ಲ, ಕಾರಿನ ಮರೆಯಲ್ಲೇ ನಿಂತೆ, ನನಗೆ ಎಪ್ಪತ್ತು ವರ್ಷ. ಎಲ್ಲಿದ್ದೀಯೋ, ಉಸಿರಾಟ ಕೇಳಿಸ್ತಿದೆ, ಅಡಗಿಕೊಂಡಿದ್ದೀಯ ಅಂದಳು ನಗುತ್ತ. ಮೂಸಿದಳು. ಹೊಸ ಪಾತ್ರೆ ಅಂಗಡಿ ಥರ ವಾಸನೆ ಬರ್ತಿದೆ, ಕೋಳಿ ಎಲ್ಲ ಓಡಿಸಿಬಿಟ್ಯಾ. ಶೋನಾ, ಬಲಗಡೆಗೆ ಕರ್ಕೊಂಡು ಹೋಗು, ನಿಮ್ಮಪ್ಪನ ಕಡೆಗೆ. ನನ್ನ ಸೀಟಿನ ಕಡೆಗಲ್ಲ, ಅವರ ಕಡೆಗೆ. ಬಂದು ನಿಂತಳು, ಕೈಯನ್ನು ಸ್ಕರ್ಟಿಗೆ ಒರೆಸಿಕೊಂಡು ಮುಂದೆ ಚಾಚಿದಳು, ಬೆರಳು ಬಾಗಿಲಿನಿಂದ ಇಷ್ಟೇ ಇಷ್ಟು ದೂರ — ಅಮ್ಮಾ ಅಮ್ಮಾ, ಮುಟ್ಟಬೇಡಿ, ಬೋರ್ಡ್ ಹಾಕಿದ್ದಾರೆ, ಓದಲ್ವಾ. ಗಾರ್ಥ್. ಅವಳ ಕೈ ಬೆಂಕಿ ತಾಗಿದ ಹಾಗೆ ಹಿಂದೆ ಬಂತು, ಎದೆಗೆ ಒತ್ತಿಕೊಂಡಳು, ಅಯ್ಯೋ, ಸಾರಿ, ನಂಗೆ ಕಾಣಿಸ್ಲಿಲ್ಲ. ನಾನು ಮಾತಾಡಬೇಕಿತ್ತು, ಅವಳದೇ ಕಾರು ಕಣಯ್ಯಾ ಅನ್ನಬೇಕಿತ್ತು, ಬಾಯಿ ತೆರೆಯಲಿಲ್ಲ, ಹನ್ನೊಂದೂ ಕಾಲಿಗೆ ಬರುತ್ತಾರೆ, ಬೆವರಿದ ಅಂಗೈ, ಬೆರಳಚ್ಚು, ಒಂದು ಉಸಿರು, ಎರಡು ಉಸಿರು, ಎರಡು ಉಸಿರು ಲೆಕ್ಕ ಹಾಕಿದೆನಲ್ಲ, ಹಾಳಾಗಿ ಹೋಗಲಿ ನನ್ನ ಬಾಳು, ಮುಟ್ಟು ಅಕ್ಕ, ನಿಂದೇ ಅಂದೆ, ಗಾರ್ಥ್ ಅಯ್ಯೋ ಗೊತ್ತಾಗ್ಲಿಲ್ಲ ಅಂದು ಬ್ರಷ್ಷಿನ ಕಡೆಗೆ ಬಗ್ಗಿದ. ಅವಳು ಮುಟ್ಟಿದಳು. ಅಂಚು ಸಿಕ್ಕಿತು, ಅಂಗೈ ಅದರ ಮೇಲೆ ಜಾರಿತು, ಹಿಂದಿನ ತುದಿಯವರೆಗೂ ಹೋಯಿತು, ನಿಂತಿತು, ತಿರುಗಿ ಮುಂದಿನ ತುದಿಗೆ ಬಂತು, ನಿಂತಿತು, ಮತ್ತೆ ಹೋಯಿತು, ಈ ಸಲ ನಿಧಾನ, ಬೆರಳ ತುದಿಗಳಲ್ಲಿ, ನಗು ಇನ್ನೂ ಮುಖದಲ್ಲೇ ಇತ್ತು, ಹೊರಡುವುದು ಗೊತ್ತಾಗದ ನೆಂಟರ ಹಾಗೆ. ಬಾಗಿಲು ಬದಲಾಯಿಸ್ದೆ ಅಲ್ವೇನೋ ಅಂದಳು. ಪರವಾಗಿಲ್ಲ ಬಿಡು, ಕೊಳೆತು ಹೋಗಿರಬೇಕು. ಹಳೇದನ್ನ ಎಸೆದಿಲ್ಲ ತಾನೆ, ಮನೆಗೆ ತಂದುಕೊಡು, ಮಂಚದ ಪಕ್ಕ ಇಟ್ಕೊಳ್ತೀನಿ. ಎಷ್ಟು ಒಳ್ಳೆಯ ಸುಳ್ಳನ್ನು ತಾನೇ ಹೆಣೆದು ನನ್ನ ಕೈಗಿತ್ತಳು, ಹೌದು ಅಂದುಬಿಟ್ಟರೆ, ಹೌದು ಅಂದರೆ ಹಳೆಯ ಬಾಗಿಲನ್ನು ಎಲ್ಲಿಂದ ತರಲಿ. ಬಾಗಿಲು ಅದೇ ಅಕ್ಕ ಅಂದೆ. ಅದೇನಾ ಅಂದಳು. ಅದೇ. ನಗು ಆಗ ಹೊರಟಿತು. ಶೋನಾ ನನ್ನ ಮುಖ ನೋಡುತ್ತಿದ್ದಾಳೆ, ಮಾಮ, ಬೆಳಿಗ್ಗೆಯಿಂದ ಚೀಲದಲ್ಲಿ ಎಣ್ಣೆ ಬಾಟ್ಲು ಇಟ್ಕೊಂಡು ಕೂತಿದ್ದಾಳೆ ಮಾಮ, ಬಟ್ಟೆ ಬೇರೆ, ಮಡಚಿ ಇಸ್ತ್ರಿ ಮಾಡಿ. ಸುಮ್ನಿರೇ ಅಂದಳು ಅಕ್ಕ, ಚೀಲದ ಬಾಯಿಯ ಗುಂಡಿ ಹಾಕಿದಳು, ಕುರುಡುಗೈ ಗುಂಡಿ ಹುಡುಕುವಾಗ ಎರಡು ಸಲ ತಪ್ಪಿತು.

ಬಣ್ಣ ಚೆನ್ನಾಗಿ ಬಂದಿದೆಯಂತೆ, ದಾರೀಲಿ ಎಲ್ಲರೂ ಹೇಳ್ತಿದ್ರು ಅನ್ನುತ್ತಾಳೆ, ಬೈಯಬಾರದೇ, ಕೋಲಿನಿಂದ ಈ ಬಾನೆಟ್ಟಿಗೆ ಒಂದು ಬಾರಿಸಬಾರದೇ, ನಾನೇ ಎತ್ತಿಕೊಡುತ್ತಿದ್ದೆ. ಎಂಜಿನ್ ಶುರು ಮಾಡು, ಸದ್ದಾದ್ರೂ ಅದೇ ಇದೆಯಾ ನೋಡೋಣ. ಒಳಗೆ ಕೂತು ಕೀಲಿ ತಿರುಗಿಸಿದೆ, ಒಂದೇ ಸಲಕ್ಕೆ ಹಿಡಿಯಿತು, ಐದನೆಯ ವಾರದ ಗುರುವಾರದ ಅದೇ ತಾಳ, ಅವಳು ಕಿವಿಯನ್ನು ಇತ್ತ ಕೊಟ್ಟಳು, ಕೈ ಇನ್ನೂ ಅಂಚಿನ ಮೇಲೆಯೇ ಇದೆ, ನನ್ನ ಮೊಣಕೈಗೆ ಅವಳ ಬೆರಳು ತಾಗುತ್ತಿದೆ, ನಾನು ಮೊಣಕೈ ಒಳಕ್ಕೆ ಎಳೆದುಕೊಂಡೆ. ಅದೇ ಕಣೋ, ಅದೇ ಸದ್ದು ಅಂದಳು. ಈ ಸದ್ದು ಮೊದಲು ಬಂದದ್ದು ಯಾವಾಗ? ಯಾವಾಗಿಂದ ಓಡ್ತಿದೆ ಇದು ಅಂತ ಕೇಳಿದಳು. ಫೆರ್ರಿ, ನೀರು, ಪೆಲಿಕನ್, ಉಳಿದ ಆ ಒಂದೂವರೆ ವರ್ಷ, ಇವು ಯಾವುವೂ ಅವಳ ಬಾಯಲ್ಲಿ ಇರಲಿಲ್ಲ, ಎಲ್ಲ ನನ್ನ ತಲೆಯಲ್ಲಿತ್ತು, ಐದನೆಯ ವಾರ ಅಕ್ಕ ಅನ್ನಬೇಕು, ನಾಲಿಗೆಯ ತುದಿಗೆ ಬಂತು — ಕನ್ನಡಿ ಕೋಲಿನವರು ಬಂದರು, ಬಗ್ಗಿದರು, ಬಾಗಿಲಿನ ಮೇಲಿನ ಕೈ ನೋಡಿದರು, ಕಾಗದದಲ್ಲಿ ಏನೋ ಗೀಚಿದರು, ಹೋದರು, ಧ್ವನಿವರ್ಧಕ ಕರಕರ ಅಂತು, ಜೀರ್ಣೋದ್ಧಾರ ವಿಭಾಗ, ಮೊದಲ ಬಹುಮಾನ, ರಸ್ ಪೆಂಗೆಲಿ, ಗಾರ್ಥ್ ಬೆನ್ನಿಗೆ ಗುದ್ದಿದ, ಹೋಗಯ್ಯಾ ಹೋಗು, ಕರೀತಿದ್ದಾರೆ. ಹೋಗು ಹೋಗು, ಆಮೇಲೆ ಹೇಳುವಿಯಂತೆ ಅಂದಳು ಅಕ್ಕ. ಹೋದೆ. ಉತ್ತರ ಕೊಡದೆ ಎದ್ದು ಹೋದೆ, ನಡೆದಂತೆ ಕಂಡಿರಬಹುದು, ಓಡಿಯೇ ಹೋದೆ, ಎಂಜಿನ್ ಆರಿಸಲೂ ಇಲ್ಲ, ಕರೆದವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಅವರ ಕೈ ಕುಲುಕಿ ಬಿಡಲೇ ಇಲ್ಲ. ಕಪ್ ತಣ್ಣಗಿದೆ, ಜನ ಚಪ್ಪಾಳೆ ತಟ್ಟುತ್ತಿದ್ದಾರೆ, ಒಂದು ಮಾತಾಡಿ ಅನ್ನುತ್ತಾರೆ, ಮೈಕು ಮೂತಿಗೆ ಬರುತ್ತದೆ, ಏನು ಹೇಳಲಿ, ತಿರುಗಿ ನೋಡಿದೆ, ಸಾಲಿನಾಚೆ ಬಿಳಿ ಟೋಪಿ, ಎಲ್ಲರೂ ಇತ್ತ ನೋಡುತ್ತಿದ್ದಾರೆ, ಅವಳೊಬ್ಬಳು ಅತ್ತ ತಿರುಗಿ ನಿಂತಿದ್ದಾಳೆ, ನಡುಗುವ ಬಾಗಿಲಿನ ಮೇಲೆ ಕೈ, ಹಿಂದಿನ ತುದಿಗೆ ಹೋಗುತ್ತದೆ, ನಿಲ್ಲುತ್ತದೆ, ಮುಂದಿನ ತುದಿಗೆ ಬರುತ್ತದೆ, ಎಲ್ಲೋ ಒಂದು ಚುಕ್ಕೆಯಾದರೂ ಉಳಿದಿರಬಹುದು ಅಂತ, ಹೋಗುತ್ತದೆ, ಬರುತ್ತದೆ, ಏಳು ಬಾರಿ ತೊಳೆದಿದ್ದೇನೆ ಅಕ್ಕ, ಏನೂ ಸಿಗುವುದಿಲ್ಲ, ತೆಗೆ ಕೈ, ಹೋಗುತ್ತದೆ, ಆ ಕೈ, ಬರುತ್ತದೆ, ಆ ಕೈ